ನಾಲ್ಕನೇ ಇಯತ್ತೆ ದಾಟಿದ ಓದುಗ

ಭಟ್ಕಳ ಪೇಟೆಯಿಂದ ಕಡಲ ಕಡೆಗೆ ಹೊರಟರೆ ಜಾಲಿ ಸಿಗುತ್ತದೆ. ಇಲ್ಲಿಂದ ಬಡಗಲಾಗಿ ಮುರ್ಡೇಶ್ವರ, ಹೊನ್ನಾವರ, ಕುಮಟೆಯವರೆಗೂ ಮಳೆಗಾಲ ಕಳೆದ ಮೇಲೆ ದಂಡೆಯ ನೋಟ ಹೆಚ್ಚುಕಡಿಮೆ ಒಂದೇ: ಹೊಯ್ಗೆಯ ಮೇಲೆ ಹಾಸಿದ ಹಳೆಯ ಬಲೆ, ಅದರ ಮೇಲೆ ಹರವಿದ ಮೀನು, ಕಾಗೆ ಓಡಿಸಲು ಕೋಲು ಹಿಡಿದು ಕೂತ ಒಂದು ಮಗು. ಪುಸ್ತಕದವರು ಸಿಗಡಿ ಎನ್ನುವುದನ್ನು ಇಲ್ಲಿ ಶೆಟ್ಲಿ ಎನ್ನುತ್ತಾರೆ. ಅದು ಒಣಗಲಿಲ್ಲವೇಕೆ ಎಂಬ ಪ್ರಶ್ನೆಯಿಂದಲೇ ಕನ್ನಡದ ಹೆಸರಾಂತ ಮಕ್ಕಳ ಕಥೆಯೊಂದು ಶುರುವಾಗುತ್ತದೆ. ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ?’ ಕಥೆಯಲ್ಲಿ ಒಂದು ಕಾರಣಕ್ಕೆ ಮತ್ತೊಂದು ಕಾರಣ, ಅದಕ್ಕೆ ಇನ್ನೊಂದು. ಕೇಳಿದವರೆಲ್ಲ ತಪ್ಪನ್ನು ಮುಂದಿನವರ ತಲೆಗೆ ಕಟ್ಟುತ್ತ ಹೋಗುತ್ತಾರೆ. ಮಗು ಆ ಸರಪಳಿಯನ್ನು ಎರಡನೇ ಸಲಕ್ಕೇ ಬಾಯಿಪಾಠ ಮಾಡಿಕೊಂಡು, ಹೇಳುವವರಿಗಿಂತ ಮುಂದೆ ಓಡುತ್ತದೆ. ನೀತಿಪಾಠದ ಹಂಗಿಲ್ಲದೆ ಕಾರ್ಯಕಾರಣದ ಲೆಕ್ಕವನ್ನು ಇಷ್ಟು ಸಲೀಸಾಗಿ ಕಲಿಸಿದ ಕಥೆಗಳು ನಮ್ಮಲ್ಲಿ ಹೆಚ್ಚಿಲ್ಲ.

ಕನ್ನಡದ ಮಕ್ಕಳ ಸಾಹಿತ್ಯ ಕಡಲ ಗಾಳಿಯಲ್ಲೇ ಕಣ್ಣುಬಿಟ್ಟಿತು ಎಂಬುದಕ್ಕೆ ಆ ಕಥೆಯೊಂದೇ ಸಾಕು. ಈಗ ಕೇಳಬೇಕಾದ ಪ್ರಶ್ನೆ ಬೇರೆ. ಕಾಗೆ ಓಡಿಸುವ ಆ ಮಗುವಿಗೆ ಹತ್ತು ವರ್ಷವಾಯಿತು, ಅಕ್ಷರ ಕೂಡಿಸಿ ಓದುವುದು ಕೈಗೂಡಿತು, ಯಾರೂ ಹೇಳಿಕೊಡದೆ ತಾನೇ ಒಂದು ಮೂಲೆಯಲ್ಲಿ ಕೂತು ಓದಬಲ್ಲದು. ಆಗ ಅದರ ಕೈಗೆ ಕೊಡಲು ಕನ್ನಡದಲ್ಲಿ ಏನೇನಿದೆ? ಕಥೆ ಎಷ್ಟು, ಕಾದಂಬರಿ ಎಷ್ಟು, ಲೋಕದ ತಿಳಿವಳಿಕೆ ಕೊಡುವ ಪುಸ್ತಕ ಎಷ್ಟು? ಇದ್ದದ್ದು ಜಾಲಿಯವರೆಗೆ ಬಂದು ಮುಟ್ಟುತ್ತದೆಯೇ?

ಪಂಜೆಯವರು ಹುಟ್ಟಿದ್ದು 1874ರಲ್ಲಿ, ಬಂಟ್ವಾಳದಲ್ಲಿ. ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ಅಲೆದವರಾದ್ದರಿಂದ ಮಕ್ಕಳು ಯಾವ ಮಾತಿಗೆ ಕಿವಿಗೊಡುತ್ತಾರೆ, ಎಲ್ಲಿ ಆಕಳಿಸುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು, ಇಂಗ್ಲಿಷಿನ ಕಥೆಗಳನ್ನು ಊರಿನ ಮಣ್ಣಿಗೆ ಇಳಿಸಿ ‘ಮೂರು ಕರಡಿಗಳು’, ‘ಇಲಿಗಳ ತಕಥೈ’ ಬರೆದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಕರೆದದ್ದು ಮಕ್ಕಳಿಗಾಗಿ ಬರೆಯುವ ಕೈಗೂ ಸಂದ ಗೌರವ. ಆದರೆ ಆ ಕಾಲದ ಮಂಗಳೂರಿಗೂ ಭಟ್ಕಳಕ್ಕೂ ನಡುವೆ ಒಂದು ಗಡಿ ಇತ್ತು. ಕೆನರಾ ಜಿಲ್ಲೆ ಇಬ್ಭಾಗವಾಗಿ, 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣದ್ದು ಮದರಾಸಿನಲ್ಲೇ ಉಳಿಯಿತು. ಭಟ್ಕಳ ಮುಂಬಯಿಯ ತೆಂಕಣ ತುದಿ, ಪಕ್ಕದ ಶಿರೂರು ಮದರಾಸಿನದು. ಇಲ್ಲಿಯ ಹಿರಿಯರು ತರಗತಿಗೆ ಇಂದಿಗೂ ‘ಇಯತ್ತೆ’ ಎನ್ನುವುದು ಮರಾಠಿಯ ನಂಟಿನ ಆ ಮುಂಬಯಿ ಕಾಲದ ಉಳಿಕೆ. 1956ರಲ್ಲಿ ನಾಡು ಒಂದಾಗುವವರೆಗೂ ಕರಾವಳಿಯ ಈ ಎರಡು ತುಂಡುಗಳ ಶಾಲೆಗಳು ಬೇರೆಬೇರೆ ಆಡಳಿತದ ಕೈಯಲ್ಲಿದ್ದವು.

ಪದ್ಯದ ಮಟ್ಟಿಗೆ ಕನ್ನಡದ ಮಗು ಭಾಗ್ಯವಂತ. ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’, ‘ಕಡಲೆಪುರಿ’, ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’, ಹೊಯ್ಸಳರ ಪದ್ಯಗಳು ನಾಲ್ಕು ತಲೆಮಾರಿನ ನಾಲಗೆಯ ಮೇಲಿವೆ. ಉತ್ತರ ಕನ್ನಡಕ್ಕೆ ಈ ಸಾಲಿನಲ್ಲಿ ಅಂಕೋಲೆಯ ದಿನಕರ ದೇಸಾಯಿಯವರಿದ್ದಾರೆ. ಚುಟುಕಕ್ಕೆ ಹೆಸರಾದವರು ಮಕ್ಕಳಿಗಾಗಿಯೂ ಅಷ್ಟೇ ಹಗುರವಾಗಿ ಹಾಡಿದರು. ಗಡಿಯಾರದ ಮೇಲೆ ಅವರು ಬರೆದ ಪದ್ಯವನ್ನು ಕವಿಯ ಹೆಸರು ಗೊತ್ತಿಲ್ಲದವರೂ ಹೇಳುತ್ತಾರೆ. 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಜಿಲ್ಲೆಯ ಬಡಮಕ್ಕಳಿಗೆ ಶಾಲೆ ತೆರೆಯಿತು. ಪದ್ಯ ಬರೆದವರೇ ಅದನ್ನು ಓದುವ ಮಗುವಿಗೆ ಬೆಂಚನ್ನೂ ಹಾಕಿಕೊಟ್ಟ ಉದಾಹರಣೆ ಅಪರೂಪ. ಮುಂದೆ ಬೊಳುವಾರು ಮಹಮದ್ ಕುಂಞಿ ಅವರು ಒಳ್ಳೆಯ ಶಿಶುಗೀತೆಗಳನ್ನು ಆಯ್ದು ‘ತಟ್ಟು ಚಪ್ಪಾಳೆ ಪುಟ್ಟ ಮಗು’ ಸಂಕಲನ ಮಾಡಿದ್ದರಿಂದ ಚದುರಿದ್ದು ಒಂದೆಡೆ ಸೇರಿತು. ಪದ್ಯದ ಬಗ್ಗೆ ಚಿಂತೆ ಬೇಡ.

ಚಿಂತೆ ಇರುವುದು ಗದ್ಯದಲ್ಲಿ. ಅದರಲ್ಲೂ ಒಂದು ವಯಸ್ಸಿನ ಗದ್ಯದಲ್ಲಿ.

ಕನ್ನಡ ಓದು ಕಲಿಯುವುದು ನಿಧಾನದ ಕೆಲಸ. ಮೂಲಾಕ್ಷರ ಐವತ್ತರ ಆಸುಪಾಸು ಇದ್ದರೂ ಕಾಗುಣಿತ, ಒತ್ತಕ್ಷರ ಸೇರಿದರೆ ಕಣ್ಣಿಗೆ ಬೀಳುವ ರೂಪಗಳು ನೂರಾರು. ಕನ್ನಡ ಮಕ್ಕಳ ಅಕ್ಷರಕಲಿಕೆಯನ್ನು ಹತ್ತಿರದಿಂದ ಅಭ್ಯಾಸ ಮಾಡಿದ ಮನೋವಿಜ್ಞಾನಿ ಸೊನಾಲಿ ನಾಗ್, ಅಕ್ಷರಗಳೆಲ್ಲ ಕೈವಶವಾಗಲು ನಾಲ್ಕನೇ ತರಗತಿಯವರೆಗೂ, ಕೆಲವರಿಗೆ ಆಮೇಲೂ ಬೇಕಾಗುತ್ತದೆ ಎಂದು ತೋರಿಸಿದರು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಅಳತೆಗೋಲು ಇಲ್ಲಿ ಕೆಲಸಕ್ಕೆ ಬಾರದು. ಒಂಬತ್ತು, ಹತ್ತು ವರ್ಷಕ್ಕೆ ಮಗುವಿನ ಓದಿಗೆ ಓಟ ಬರುತ್ತದೆ. ಸರಿಯಾಗಿ ಆ ಹೊತ್ತಿಗೇ ಪುಸ್ತಕದ ಕಪಾಟು ಬರಿದಾಗುತ್ತದೆ.

ಅದು ಹೇಗೆಂದು ನೋಡಬೇಕಾದರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಪುಸ್ತಕಗಳನ್ನು ಹರಡಿಕೊಂಡು ಕೂರಬೇಕು. 2004ರಲ್ಲಿ ಶುರುವಾದ ಈ ಸಂಸ್ಥೆ ಚಿತ್ರಪುಸ್ತಕವನ್ನು ಬಡವರ ಮನೆಗೂ ಮುಟ್ಟಿಸಿತು. 2015ರಿಂದ ‘ಸ್ಟೋರಿವೀವರ್’ ತಾಣದಲ್ಲಿ ಯಾರು ಬೇಕಾದರೂ ಕಥೆಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಳ್ಳಬಹುದು, ತಮ್ಮ ಭಾಷೆಗೆ ತಿರುಗಿಸಬಹುದು. ಪುಸ್ತಕಗಳಿಗೆ ನಾಲ್ಕು ಹಂತ. ಮೊದಲ ಹಂತದಲ್ಲಿ 250 ಪದದೊಳಗಿನ ಕಥೆ, ಎರಡರಲ್ಲಿ 600ರವರೆಗೆ, ಮೂರರಲ್ಲಿ 1,500ರವರೆಗೆ, ನಾಲ್ಕನೆಯದರಲ್ಲಿ ಅದಕ್ಕೂ ಉದ್ದ. ಮೊದಲ ಮೂರು ಮೆಟ್ಟಿಲುಗಳನ್ನು ಮಗು ಕುಣಿಯುತ್ತ ಹತ್ತುತ್ತದೆ. ನಾಲ್ಕನೆಯದು ಮುಗಿದ ಮೇಲೆ ಬೇಕಾದದ್ದು ನೂರು, ನೂರೈವತ್ತು ಪುಟದ ಕಾದಂಬರಿ. ಒಂದೇ ಕೂರಿಕೆಗೆ ಮುಗಿಯದೆ, ರಾತ್ರಿ ಮಲಗುವಾಗ ಪುಟ ಮಡಚಿಟ್ಟು, ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಮುಂದೇನಾಯಿತೆಂದು ಯೋಚಿಸುವಂಥದ್ದು. ಓದುವ ಚಟ ಅಂಟುವುದು ಆ ಮಡಚಿದ ಪುಟದಿಂದಲೇ.

ಒಂದು ಕಾಲದಲ್ಲಿ ಈ ಜಾಗವನ್ನು ಮಾಸಪತ್ರಿಕೆಗಳೂ ಮಾಲಿಕೆಗಳೂ ತುಂಬಿದ್ದವು. ‘ಚಂದಮಾಮ’ ಕನ್ನಡಕ್ಕೆ ಬಂದದ್ದು 1949ರಲ್ಲಿ. ಬೇತಾಳನ ಕಥೆಗಾಗಿ ತಿಂಗಳ ಮೊದಲ ವಾರ ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಗೆ ಎಡತಾಕಿದ ಮಕ್ಕಳು ಇಂದು ಅಜ್ಜ-ಅಜ್ಜಿಯರು. ‘ಬಾಲಮಿತ್ರ’, ‘ಬೊಂಬೆಮನೆ’, ಮಣಿಪಾಲದ ‘ತುಂತುರು’ ಒಂದೊಂದು ಕಾಲಕ್ಕೆ ಕೈಹಿಡಿದವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಹೆಸರಿನೊಂದಿಗೆ ಅಂಟಿಕೊಂಡ ಅಮರ ಚಿತ್ರ ಕಥೆಗೂ ಕನ್ನಡದ ಹಿನ್ನೆಲೆ ಇದೆ. 1965ರಲ್ಲಿ ಬೆಂಗಳೂರಿನ ಐಬಿಎಚ್‌ನ ಜಿ. ಕೆ. ಅನಂತರಾಮ್ ವಿದೇಶಿ ಜಾನಪದ ಕಥೆಗಳ ಹತ್ತು ಚಿತ್ರಪುಸ್ತಕಗಳನ್ನು ಕನ್ನಡದಲ್ಲಿ ತಂದಿದ್ದರು. ಪೈ ಅವರ ‘ಕೃಷ್ಣ’ ಹನ್ನೊಂದನೆಯ ಸಂಖ್ಯೆಯಿಂದ ಶುರುವಾದದ್ದಕ್ಕೆ ಅದೇ ಕಾರಣ. ಅಮರ ಚಿತ್ರ ಕಥೆಯ ಅನೇಕ ಪುಸ್ತಕಗಳನ್ನು ಕನ್ನಡಕ್ಕೆ ತಂದವರು ಶಿವರಾಮ ಕಾರಂತರು ಎಂಬುದನ್ನು ಇಂದಿನ ಓದುಗರಲ್ಲಿ ಹಲವರು ಮರೆತಿದ್ದಾರೆ.

ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ತಿಂಗಳಿಗೊಂದರಂತೆ ಹನ್ನೆರಡು ಸಂಪುಟ, ವರ್ಷಕ್ಕೆ 365 ಕಥೆ. ವೈದ್ಯೆಯಾಗಿದ್ದ ಅವರು ಮನೆಯ ದಿನಚರಿಯನ್ನು ಅರಿತಿದ್ದರಿಂದಲೇ ಇರಬೇಕು, ಊಟ ಮುಗಿದು ನಿದ್ದೆ ಬರುವ ನಡುವಿನ ಹೊತ್ತಿಗೆ ಸರಿಹೊಂದುವ ಉದ್ದ ಪ್ರತಿ ಕಥೆಗೂ ಇದೆ. ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ ಭಾರತಿ’ ಮಾಲಿಕೆ 1970ರ ದಶಕದಲ್ಲಿ ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಐನೂರಕ್ಕೂ ಹೆಚ್ಚು ಪುಟಾಣಿ ಜೀವನಚರಿತ್ರೆಗಳನ್ನು ಕೊಟ್ಟಿತು. ಶಾಲೆಯ ಬಹುಮಾನ ಎಂದರೆ ಆ ಅಂಗೈಯಗಲದ ಪುಸ್ತಕಗಳೇ. ಇನ್ನೊಂದು ದಿಕ್ಕಿನಿಂದ ನವಕರ್ನಾಟಕ ಮಳಿಗೆಗಳಲ್ಲಿ ಮಾಸ್ಕೋದ ಪ್ರಗತಿ, ರಾದುಗ ಪ್ರಕಾಶನಗಳ ಕನ್ನಡ ಪುಸ್ತಕಗಳು ಬಂದವು. ದಪ್ಪ ಕಾಗದ, ಗಟ್ಟಿ ಹೊದಿಕೆ, ಹಿಮದ ಚಿತ್ರ, ಐಸ್‌ಕ್ಯಾಂಡಿಯ ಬೆಲೆ. ಒಬ್ಬರ ಒಲವು ಪುರಾಣ-ಇತಿಹಾಸದ ಕಡೆ, ಇನ್ನೊಬ್ಬರದು ಸಮಾಜವಾದದ ಕಡೆ. ಓದುವ ಹುಡುಗ ಎರಡನ್ನೂ ಒಂದೇ ಸಂಜೆ ಮುಗಿಸಿ ಇನ್ನೊಂದಕ್ಕೆ ಕೈಚಾಚುತ್ತಿದ್ದ. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದ ಮೇಲೆ ಆ ಪುಸ್ತಕಗಳು ನಿಂತವು. ‘ಚಂದಮಾಮ’ 2013ರ ಹೊತ್ತಿಗೆ ಮುಚ್ಚಿತು. ಬಿಟ್ಟುಹೋದ ಜಾಗವನ್ನು ಹಿಡಿದದ್ದು ಮೊಬೈಲು.

ಹೀಗೆಂದು ಕೈಚೆಲ್ಲುವ ಸ್ಥಿತಿ ಇಲ್ಲ. ಕಳೆದ ಹದಿನೈದು ವರ್ಷದಲ್ಲಿ ಮಕ್ಕಳ ಗದ್ಯ ಮತ್ತೆ ಚಿಗುರಿದೆ, ಅದೂ ಜಾಲಿಯ ಸುತ್ತಲ ಸೀಮೆಯಲ್ಲೇ.

ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರ ಶುರುಮಾಡಿತು. ಇಪ್ಪತ್ನಾಲ್ಕು ಭಾಷೆಗೆ ಒಂದೊಂದು, 50 ಸಾವಿರ ರೂಪಾಯಿ. ಕನ್ನಡದ ಮೊದಲ ಪುರಸ್ಕಾರ ಬೊಳುವಾರರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಗೆ. ಮರುವರ್ಷ ಸಾಗರದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ. ಆಮೇಲೆ ಅನೇಕ ವರ್ಷ ಪುರಸ್ಕಾರ ಹೋದದ್ದು ಯಾವುದೋ ಒಂದು ಪುಸ್ತಕಕ್ಕಲ್ಲ, ಹಿರಿಯರ ಸಮಗ್ರ ಕೊಡುಗೆಗೆ. ಎಚ್. ಎಸ್. ವೆಂಕಟೇಶಮೂರ್ತಿ, ಸುಮತೀಂದ್ರ ನಾಡಿಗ, ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರಂಥವರಿಗೆ ಅದು ಸಲ್ಲಬೇಕಾದದ್ದೇ. ಆದರೆ ಮಗು ಓದುವುದು ಸಮಗ್ರ ಕೊಡುಗೆಯನ್ನಲ್ಲ, ಕೈಯಲ್ಲಿರುವ ಒಂದು ಪುಸ್ತಕವನ್ನು.

ಮುಂದೆ ಗಾಳಿ ತಿರುಗಿತು. 2020ರಲ್ಲಿ ಎಚ್. ಎಸ್. ಬ್ಯಾಕೋಡರ ‘ನಾನು ಅಂಬೇಡ್ಕರ್’, ಮರುವರ್ಷ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’: ನಾಲ್ಕು ವರ್ಷ ಸಾಲಾಗಿ ಮಕ್ಕಳ ಕಾದಂಬರಿಗೆ ಪುರಸ್ಕಾರ. 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’, 2025ರಲ್ಲಿ ಕೆ. ಶಿವಲಿಂಗಪ್ಪ ಹಂದಿಹಾಳರ ‘ನೋಟ್‌ಬುಕ್’ ಕಥಾಸಂಕಲನಗಳು. ಅಕಾಡೆಮಿಯ ಮನಸ್ಸು ಬದಲಾಯಿತು ಎನ್ನುವುದಕ್ಕಿಂತ, ಪುರಸ್ಕಾರ ಕೊಡಬಹುದಾದ ಒಳ್ಳೆಯ ಬಿಡಿ ಪುಸ್ತಕಗಳು ಬರತೊಡಗಿದವು ಎನ್ನುವುದೇ ಸರಿ.

ಭೂಪಟ ತೆಗೆದು ಭಟ್ಕಳದ ಮೇಲೆ ಬೆರಳಿಟ್ಟು ನೋಡಬೇಕು. ಕೋಗಾರ ಘಟ್ಟ ಹತ್ತಿದರೆ ಶರಾವತಿಯ ಮೇಲುಸೀಮೆ, ಅದರಾಚೆ ನಾ. ಡಿಸೋಜ ಅವರ ಸಾಗರ. ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟದ ಮೇಲೆ ತಮ್ಮಣ್ಣ ಬೀಗಾರರ ಸಿದ್ದಾಪುರ. ತೆಂಕಣಕ್ಕೆ ಕುಂದಾಪುರ ದಾಟಿ ಒಳಗೆ ಹೋದರೆ ಹಾಲಾಡಿ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ತಲಪಬಹುದಾದ ಮೂರು ಊರುಗಳಿಂದ ಮೂರು ಪುರಸ್ಕೃತ ಕಾದಂಬರಿಗಳು ಬಂದಿವೆ. ಕಾಡು, ಹೊಳೆ, ದನ, ಹಕ್ಕಿಗಳ ನಡುವೆ ಬೆಳೆದವರು ಇವರೆಲ್ಲ. ಬೀಗಾರರು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು.

ನಾ. ಡಿಸೋಜ ಅವರ ಮಾತನ್ನು ಇಲ್ಲಿ ತುಸು ನಿಂತು ಹೇಳಬೇಕು. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿ ಶರಾವತಿ ಯೋಜನೆಯನ್ನು ಕಣ್ಣಾರೆ ಕಂಡವರು ಅವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಊರುಗಳು ನೀರಿಗೆ ಹೋದ ಕಥೆಯನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ದೊಡ್ಡವರಿಗೆ ಹೇಳಿದ್ದರು. ಅದೇ ಸಂಕಟವನ್ನು ಮಕ್ಕಳ ಮುಂದೆ ಇಡಬಹುದೇ ಎಂದು ಹಿಂಜರಿಯದೆ, ಮುಳುಗಡೆ ಸೀಮೆಯನ್ನೇ ಮಕ್ಕಳ ಕಾದಂಬರಿಗೂ ತಂದರು. ಅದು ಧೈರ್ಯದ ಕೆಲಸ. ಮಕ್ಕಳ ಪುಸ್ತಕವೆಂದರೆ ಮೊಲ, ನರಿ, ರಾಜಕುಮಾರಿ ಇರಬೇಕು, ಕೊನೆಗೆ ಒಂದು ನೀತಿ ಇರಬೇಕು ಎಂದು ನಂಬಿದ ಪ್ರಕಾಶಕರೂ ಪೋಷಕರೂ ಈಗಲೂ ಬಹಳ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವುದನ್ನು ನೋಡುತ್ತ ಬೆಳೆಯುವ ಮಗುವಿಗೆ, ಆ ಹೊಳೆಯ ಮೇಲುದಾರಿಯಲ್ಲಿ ಏನಾಯಿತೆಂದು ತಿಳಿಯುವ ಹಕ್ಕಿದೆ. 2025ರ ಜನವರಿಯಲ್ಲಿ ಡಿಸೋಜ ಅವರು ತೀರಿಕೊಂಡರು. ಆ ಮಕ್ಕಳ ಕಾದಂಬರಿಯ ಒಂದು ಪ್ರತಿಯಾದರೂ ಈ ತಾಲೂಕುಗಳ ಎಲ್ಲ ಶಾಲೆಗಳಲ್ಲೂ ಇರಬೇಕು.

ಉತ್ತರ ಕನ್ನಡದ ದೊಡ್ಡ ಲೇಖಕರು ಬಾಲ್ಯದ ಬಗ್ಗೆ ಬರೆದದ್ದು ಕಡಿಮೆಯೇನಲ್ಲ. ಯಶವಂತ ಚಿತ್ತಾಲರ ಹನೇಹಳ್ಳಿ, ಜಯಂತ ಕಾಯ್ಕಿಣಿಯವರ ಗೋಕರ್ಣ ಕನ್ನಡದ ಓದುಗರಿಗೆ ತಮ್ಮೂರಿನಷ್ಟೇ ಪರಿಚಿತ. ಚಿತ್ತಾಲರ ‘ಬೊಮ್ಮಿಯ ಹುಲ್ಲುಹೊರೆ’ಯ ಬೊಮ್ಮಿ ಕುಮಟೆ ಸೀಮೆಯ ಮಗು. ಆದರೆ ಅವು ಬಾಲ್ಯ ಕಳೆದುಕೊಂಡವರಿಗಾಗಿ ಬರೆದ ಕಥೆಗಳು; ಬಾಲ್ಯದಲ್ಲೇ ಇರುವವರು ಅವನ್ನು ಓದಲು ಇನ್ನೂ ಹತ್ತು ವರ್ಷ ಕಾಯಬೇಕು. ಇದು ದೂರಲ್ಲ. ಅಂಥ ಕಣ್ಣುಳ್ಳವರು ಮಕ್ಕಳಿಗೂ ಒಂದೊಂದು ಪುಸ್ತಕ ಬರೆದಿದ್ದರೆ ಎಂಬ ಆಸೆ ಅಷ್ಟೇ.

ಕಥೆಯ ಹೊರಗಿನ ಪುಸ್ತಕಗಳದ್ದು ಬೇರೆಯೇ ಇತಿಹಾಸ. ಅಲ್ಲಿ ಆರಂಭವೇ ಶಿಖರ. 1930ರ ದಶಕದಲ್ಲಿ ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಮೂರು ಸಂಪುಟ ಬರೆದರು. ನಕ್ಷತ್ರ, ಗಿಡ, ಪ್ರಾಣಿ, ಯಂತ್ರ, ದೇಶ, ಜನ, ಎಲ್ಲವೂ ಒಬ್ಬರದೇ ಕೈಯಿಂದ. ಕನ್ನಡದಲ್ಲಿ ವಿಜ್ಞಾನಕ್ಕೆ ಬೇಕಾದ ಪದಗಳೇ ಇಲ್ಲದ ಕಾಲದಲ್ಲಿ ಮಗುವಿಗೆ ಅರ್ಥವಾಗುವ ಮಾತನ್ನು ಹುಡುಕುತ್ತ, ಇಲ್ಲದಿದ್ದರೆ ಕಟ್ಟುತ್ತ ಹೋದರು. ಮುಂದೆ ಅದೇ ಹುಮ್ಮಸ್ಸಿನಲ್ಲಿ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಬಂದವು. 1970ರ ದಶಕದಲ್ಲಿ ನಿರಂಜನರ ಸಂಪಾದಕತ್ವದಲ್ಲಿ ಕರ್ನಾಟಕ ಸಹಕಾರಿ ಪ್ರಕಾಶನ ಮಂದಿರ ಏಳು ಸಂಪುಟದ ‘ಜ್ಞಾನಗಂಗೋತ್ರಿ’ ತಂದಿತು; ಕಿರಿಯರಿಗಾಗಿ ನಾಡಿನ ವಿದ್ವಾಂಸರು ಒಟ್ಟಿಗೆ ಕೂತು ಬರೆದ ವಿಶ್ವಕೋಶ ಅದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಾಸಪತ್ರಿಕೆ ಹಳ್ಳಿಯ ಹೈಸ್ಕೂಲುಗಳನ್ನೂ ಮುಟ್ಟಿತು. ಪೂರ್ಣಚಂದ್ರ ತೇಜಸ್ವಿಯವರು ಮಕ್ಕಳಿಗೆಂದು ಹಣೆಪಟ್ಟಿ ಹಚ್ಚದೆ ಬರೆದ ‘ಪರಿಸರದ ಕತೆ’, ‘ಏರೋಪ್ಲೇನ್ ಚಿಟ್ಟೆ’, ಹಕ್ಕಿಗಳ ಪುಸ್ತಕಗಳು ಹನ್ನೆರಡು ದಾಟಿದ ಹುಡುಗ ಹುಡುಗಿಯರನ್ನು ಹಿಡಿದು ಕೂರಿಸಿದಷ್ಟು ಬೇರೆ ಯಾವುವೂ ಕೂರಿಸಲಿಲ್ಲ.

ಸಂಪುಟಗಳ ಕಾಲ ಮುಗಿಯಿತು. ಯಾವ ಊರಿನ ಮಾಹಿತಿಯನ್ನಾದರೂ ಮೊಬೈಲು ಕ್ಷಣದಲ್ಲಿ ಕೊಡುವಾಗ ಮಕ್ಕಳಿಗೆ ಬೇಕಾದದ್ದು ಒಂದೇ ವಿಷಯವನ್ನು ಹತ್ತಿರದಿಂದ ತೋರಿಸುವ ತೆಳ್ಳನೆಯ, ಚಿತ್ರವುಳ್ಳ, ನಂಬಬಹುದಾದ ಪುಸ್ತಕ. ಭಟ್ಕಳ, ಹೊನ್ನಾವರ, ಕುಮಟೆ ತಾಲೂಕುಗಳ ಸೀಮೆಯಲ್ಲಿ ಅದಕ್ಕೆ ವಸ್ತು ಹುಡುಕಿಕೊಂಡು ಹೋಗಬೇಕಿಲ್ಲ, ಕಾಲಿಗೇ ತೊಡರುತ್ತದೆ. ಕುಮಟೆಯ ಅಘನಾಶಿನಿ ಅಳಿವೆಯನ್ನೇ ನೋಡಿ. 2024ರಲ್ಲಿ ಅದರ 4,801 ಹೆಕ್ಟೇರ್ ಪ್ರದೇಶ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಣೆಕಟ್ಟು ಕಾಣದ ಹೊಳೆ. ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿಗೆ ಇಳಿದು ಹೆಂಗಸರು ಕಾಲಿನಲ್ಲೇ ಬಳಚು ಗುರುತಿಸಿ ಹೆಕ್ಕುತ್ತಾರೆ. ಉಬ್ಬರ ಯಾಕೆ ಬರುತ್ತದೆ, ಚಂದ್ರನಿಗೂ ಅದಕ್ಕೂ ಏನು ನಂಟು, ಸಿಹಿನೀರು ಉಪ್ಪುನೀರು ಸೇರುವಲ್ಲೇ ಬಳಚು ಯಾಕೆ ಹೆಚ್ಚು, ಕಾಂಡ್ಲಾ ಗಿಡದ ಬೇರು ಮಣ್ಣಿನಿಂದ ಮೇಲಕ್ಕೇಕೆ ಏಳುತ್ತದೆ? ನಾಲ್ಕು ಪ್ರಶ್ನೆಗೆ ನಾಲ್ಕು ಅಧ್ಯಾಯ, ಪುಸ್ತಕ ಸಿದ್ಧ. ಆ ಹೆಂಗಸರ ಮಕ್ಕಳೇ ಮೊದಲ ಓದುಗರು. ಬರೆದವರ ತಪ್ಪು ತೋರಿಸಬಲ್ಲವರೂ ಅವರೇ.

ಹೊನ್ನಾವರದ ಕಾಸರಕೋಡು ಟೊಂಕದ ದಂಡೆಗೆ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲೆ ಆಮೆಗಳಿವೆ. ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆ ಸೇತುವೆ ಇದೆ. ಹೊಳೆಯ ಕೆಸರಿನಲ್ಲಿ ಕಂಬ ಹೇಗೆ ನಿಲ್ಲುತ್ತದೆ ಎಂದು ಅದರ ಮೇಲೆ ಹೋಗುವ ಪ್ರತಿ ಮಗುವೂ ಕೇಳುತ್ತದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಆಚೆ ನೇತ್ರಾಣಿ ದ್ವೀಪ. ಮೂಡಭಟ್ಕಳದಲ್ಲಿ ಹದಿನಾರನೆಯ ಶತಮಾನದ ಕೇತಪೈ ನಾರಾಯಣ ದೇವಾಲಯ, ಅದರ ಗೋಡೆಯ ತುಂಬ ಕಲ್ಲಿನಲ್ಲಿ ಕಡೆದ ಕಥೆಗಳು. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಬಗ್ಗೆ ಗಜಾನನ ಶರ್ಮರು ದೊಡ್ಡವರಿಗಾಗಿ ಕಾದಂಬರಿ ಬರೆದು ಸಾವಿರಾರು ಓದುಗರನ್ನು ಮುಟ್ಟಿದರು. ಅಂಕೋಲೆಯ ತುಳಸಿ ಗೌಡರು ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕೆಂದು ತಿಳಿದಿದ್ದ ಬಗೆ, ಸುಕ್ರಿ ಬೊಮ್ಮಗೌಡರು ನೆನಪಿನಲ್ಲೇ ಇಟ್ಟುಕೊಂಡಿದ್ದ ಹಾಲಕ್ಕಿ ಹಾಡುಗಳ ಬಗೆ, ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ವೇಷಗಳು, ಇವೆಲ್ಲ ಪತ್ರಿಕೆಯ ಪುರವಣಿಯಲ್ಲಿ ಒಂದು ಭಾನುವಾರ ಬಂದು ಹೋಗುವ ಸುದ್ದಿಯಾಗಿ ಉಳಿಯಬಾರದು. ಹತ್ತು ವರ್ಷದವರು ಕೈಯಲ್ಲಿ ಹಿಡಿದು ಓದುವ ಪುಸ್ತಕಗಳಾಗಬೇಕು.

ಜಾಲಿಯ ಮಟ್ಟಿಗೆ ಇನ್ನೊಂದು ಮಾತಿದೆ. ಇಲ್ಲಿಯ ಎಲ್ಲ ಮಕ್ಕಳಿಗೂ ಕನ್ನಡ ಮನೆಮಾತಲ್ಲ. ನವಾಯತರ ಮನೆಯಲ್ಲಿ ನವಾಯತಿ, ಓದುಬರಹಕ್ಕೆ ಉರ್ದು. ಬೇರೆ ಹಲವು ಮನೆಗಳಲ್ಲಿ ಕೊಂಕಣಿ. ಕನ್ನಡ ಆಡುವ ಮನೆಗಳಲ್ಲೂ ಅದು ಪಠ್ಯಪುಸ್ತಕದ ಕನ್ನಡವಲ್ಲ. 1919ರಲ್ಲಿ ಹುಟ್ಟಿದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆಯ ಊರಿದು, ಶಿಕ್ಷಣದ ಹಸಿವು ಹೊಸದೇನಲ್ಲ. ಮಕ್ಕಳ ಓದಿನ ವಿಷಯದಲ್ಲಿ ಭಟ್ಕಳದ ಉರ್ದು ಬಳಗ ಒಂದು ಹೆಜ್ಜೆ ಮುಂದಿದೆ ಎಂದು ಒಪ್ಪಬೇಕು. ಇದಾರೆ ಅದಬ್-ಎ-ಅತ್ಫಾಲ್ ಎಂಬ, ಮಕ್ಕಳ ಸಾಹಿತ್ಯಕ್ಕೆಂದೇ ಇರುವ ಸಂಸ್ಥೆ ಇಲ್ಲಿಂದ ‘ಫೂಲ್’ ಎಂಬ ಮಾಸಪತ್ರಿಕೆ ತಂದಿದೆ. ತಾಲೂಕು ಕೇಂದ್ರವೊಂದರಿಂದ ಮಕ್ಕಳ ಪತ್ರಿಕೆ! ಬೆಂಗಳೂರು, ಮಣಿಪಾಲಗಳ ಕಡೆ ನೋಡುತ್ತ ಕೂತ ಕನ್ನಡದವರು ಇದನ್ನು ಕಂಡು ಕಲಿಯಬೇಕು. ‘ಫೂಲ್’ನ ಒಂದು ಒಳ್ಳೆಯ ಕಥೆ ಕನ್ನಡಕ್ಕೆ, ಬೀಗಾರರ ಒಂದು ಕಥೆ ಉರ್ದುವಿಗೆ ಬಂದರೆ, ಒಂದೇ ಓಣಿಯಲ್ಲಿ ಕ್ರಿಕೆಟ್ ಆಡುವ ಇಬ್ಬರು ಹುಡುಗರು ಒಂದೇ ಕಥೆ ಓದಿದಂತಾಗುತ್ತದೆ. ಎಡಪುಟದಲ್ಲಿ ಒಂದು ಭಾಷೆ, ಬಲಪುಟದಲ್ಲಿ ಇನ್ನೊಂದು ಇರುವ ಜೋಡಿಪುಸ್ತಕಗಳಿಗೆ ಭಟ್ಕಳಕ್ಕಿಂತ ಹದವಾದ ನೆಲ ಕರ್ನಾಟಕದಲ್ಲಿ ಹೆಚ್ಚು ಕಡೆ ಇಲ್ಲ.

ಪುಸ್ತಕ ಬರೆದು ಅಚ್ಚಾದರೆ ಮುಗಿಯಲಿಲ್ಲ, ಕೈಗೆ ಮುಟ್ಟಬೇಕು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಸೇರುತ್ತದೆ. ಪುಸ್ತಕಕ್ಕೆಂದು ಜನ ಕೊಟ್ಟ ಹಣ ಅದು. 2020ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ‘ಓದುವ ಬೆಳಕು’ ಶುರುಮಾಡಿ, ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಕೊರೊನಾದಿಂದ ಶಾಲೆ ಮುಚ್ಚಿದ್ದ ಆ ದಿನಗಳಲ್ಲಿ ಹಳ್ಳಿಯ ಮಗುವಿಗೆ ತೆರೆದಿದ್ದ ಬಾಗಿಲು ಅದೊಂದೇ. ನಾಡಿನಲ್ಲಿ ಇಂಥ ಗ್ರಂಥಾಲಯಗಳು 5 ಸಾವಿರಕ್ಕೂ ಹೆಚ್ಚು; ಈಗ ಅವುಗಳ ಹೆಸರು ‘ಅರಿವು ಕೇಂದ್ರ’. ಸರಕಾರಿ ಯೋಜನೆಗಳಲ್ಲಿ ಮನಸ್ಸಿಟ್ಟು ಮಾಡಿದ ಕೆಲಸ ಇದು ಎಂದು ಯಾವ ಸಂಕೋಚವೂ ಇಲ್ಲದೆ ಹೇಳಬಹುದು. ಆದರೆ ಜಾಲಿ ಗ್ರಾಮ ಪಂಚಾಯತಿ ಅಲ್ಲ, ಪಟ್ಟಣ ಪಂಚಾಯತಿ. ಹಳ್ಳಿಯಿಂದ ಪಟ್ಟಣವಾಗಿ ಬಡ್ತಿ ಪಡೆದ ಊರುಗಳು ಗ್ರಾಮೀಣ ಯೋಜನೆಯ ವ್ಯಾಪ್ತಿಯಿಂದ ಹೊರಗೆ ಬೀಳುತ್ತವೆ, ದೊಡ್ಡ ನಗರದ ಸೌಲಭ್ಯವೂ ಅವಕ್ಕೆ ಇರುವುದಿಲ್ಲ. ‘ಓದುವ ಬೆಳಕ’ನ್ನು ಪಟ್ಟಣ ಪಂಚಾಯತಿಗಳಿಗೂ ಚಾಚಿದರೆ ಈ ಕೊರತೆ ತುಂಬುತ್ತದೆ.

ಪ್ರಕಾಶಕರ ಕಡೆಯ ಗೋಳೂ ಇದೆ. ಕನ್ನಡ ಪುಸ್ತಕದ ದೊಡ್ಡ ಗಿರಾಕಿ ಗ್ರಂಥಾಲಯ ಇಲಾಖೆಯ ಸಗಟು ಖರೀದಿ, ಅಲ್ಲಿ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಪುಟ ಎಣಿಸಿ ಬೆಲೆ ಕಟ್ಟುವಲ್ಲಿ ಮುನ್ನೂರು ಪುಟದ ಪುಸ್ತಕ ಗೆಲ್ಲುತ್ತದೆ, ಹದಿನಾರು ಪುಟದ ಬಣ್ಣದ ಪುಸ್ತಕ ಸೋಲುತ್ತದೆ. ಆ ಹದಿನಾರು ಪುಟಕ್ಕೆ ಚಿತ್ರಕಾರ ಎರಡು ತಿಂಗಳು ಕೂತಿರಬಹುದು. ಮಕ್ಕಳ ಪುಸ್ತಕಕ್ಕೆ ಬೇರೆಯೇ ದರ, ಬೇರೆಯೇ ಆಯ್ಕೆ ಸಮಿತಿ ಬೇಕು. ಮುಖಪುಟದಲ್ಲಿ ಬರೆದವರ ಹೆಸರಿನ ಪಕ್ಕ ಚಿತ್ರ ಬಿಡಿಸಿದವರ ಹೆಸರೂ ಅಷ್ಟೇ ದೊಡ್ಡದಾಗಿ ಬರಬೇಕು.

ಹೊನ್ನಾವರ ತಾಲೂಕಿನ ಕೆರೆಕೋಣದಲ್ಲಿ ಡಾ. ಆರ್. ವಿ. ಭಂಡಾರಿ ಎಂಬ ಮೇಷ್ಟ್ರಿದ್ದರು. ಬಂಡಾಯ ಸಾಹಿತ್ಯದವರೆಂದು ನಾಡು ಅವರನ್ನು ಗುರುತಿಸಿತು. ಅವರು ಮಕ್ಕಳಿಗಾಗಿ ಕಥೆ ಬರೆದರು, ನಾಟಕ ಬರೆದರು. ಅವರ ನೆನಪಿಗೆ ಆ ಹಳ್ಳಿಯಲ್ಲೇ ‘ಸಹಯಾನ’ ಕೇಂದ್ರ ಎದ್ದಿತು. ದೊಡ್ಡ ಊರು, ದೊಡ್ಡ ಹಣ ಇಲ್ಲದೆಯೂ ಇಂಥದ್ದು ಈ ನೆಲದಲ್ಲಿ ಆಗಿದೆ. ಜಾಲಿಯ ಒಂದು ಶಾಲೆಯ ಕೋಣೆಯಲ್ಲಿ, ಬೀಗ ಹಾಕದ ಒಂದು ಕಪಾಟಿನಲ್ಲಿ ನೂರು ಪುಸ್ತಕ ಇಡುವುದು ಅದಕ್ಕಿಂತ ಕಷ್ಟದ್ದಲ್ಲ.

ಈ ಊರುಗಳ ಮಕ್ಕಳು ಬೆಂಗಳೂರು, ಮುಂಬಯಿ, ದುಬೈಗಳಲ್ಲಿ ದುಡಿಯುತ್ತಿದ್ದಾರೆ. ಹಬ್ಬಕ್ಕೋ ಮದುವೆಗೋ ಮನೆಗೆ ಬರುವಾಗ ಚೀಲ ತುಂಬ ಚಾಕೊಲೇಟು, ಬಟ್ಟೆ, ಅತ್ತರು ಬರುತ್ತವೆ. ಮುಂದಿನ ಸಲ ಬರುವಾಗ ತಾವು ಕಲಿತ ಶಾಲೆಗೆ ಒಂದು ಕಟ್ಟು ಪುಸ್ತಕವನ್ನೂ ತನ್ನಿ. ಕಟ್ಟಿನಲ್ಲಿ ‘ಮುಳುಗಡೆಯ ಊರಿಗೆ ಬಂದವರು’, ‘ಬಾವಲಿ ಗುಹೆ’, ‘ಸೂರಕ್ಕಿ ಗೇಟ್’ ಮೊದಲು ಇರಲಿ. ಐದನೇ ಇಯತ್ತೆಯ ಮಕ್ಕಳ ಕೈಗೆ ನೇರವಾಗಿ ಕೊಡಿ.